ಕಗ್ಗ ಅಕ್ಕಿ: ಉಪ್ಪುನೀರ ಗಜನಿಯ ಬೆಳೆ ಕೊಳ್ಳುವ ಮುನ್ನ, ಬೇಯಿಸುವ ಮುನ್ನ

ದೇಸಿ ತಳಿ ಮೇಳಗಳಲ್ಲಿ, ಸಾವಯವ ಅಕ್ಕಿ ಮಾರುವವರ ಬಳಿ ಆಗೊಮ್ಮೆ ಈಗೊಮ್ಮೆ ‘ಕಗ್ಗ’ ಎಂದು ಬರೆದ ಚೀಲ ಕಾಣಿಸುತ್ತದೆ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಕಡೆಯ ಕೆಂಪಕ್ಕಿ ಇದು. ಮೊದಲೇ ಹೇಳಿಬಿಡುತ್ತೇವೆ: ಗಂಜಿಗೆ, ಮೀನು ಸಾರಿನ ಊಟಕ್ಕೆ ಇಷ್ಟು ಒಳ್ಳೆಯ ಅಕ್ಕಿ ಸಿಗುವುದು ಅಪರೂಪ. ದೋಸೆ, ಕಡುಬಿಗೂ ಚೆನ್ನ. ಚಿತ್ರಾನ್ನ, ಪಲಾವು ಮಾಡುವ ಯೋಚನೆ ಇದ್ದರೆ ಬೇರೆ ಅಕ್ಕಿ ತನ್ನಿ. ಇನ್ನು, ತೌಡು ತೆಗೆದು ಬೆಳ್ಳಗೆ ಮಾಡಿದ ಕಗ್ಗ ಎಂದು ಯಾರಾದರೂ ಕೊಟ್ಟರೆ ಎಷ್ಟೇ ಅಗ್ಗವಾದರೂ ಬೇಡ ಅನ್ನಿ. ಈ ಅಕ್ಕಿಯ ರುಚಿ, ಬಣ್ಣ, ಸತ್ವ ಎಲ್ಲವೂ ಇರುವುದು ಆ ಕೆಂಪು ಪದರದಲ್ಲೇ.

ಬೆಲೆ ಮಾಮೂಲಿ ಕುಚ್ಚಲಕ್ಕಿಗಿಂತ (ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ) ಹೆಚ್ಚೇ ಇರುತ್ತದೆ. ಯಾಕೆ ಹೆಚ್ಚು, ಆ ಹೆಚ್ಚುವರಿ ದುಡ್ಡು ಯಾವಾಗ ನ್ಯಾಯ, ಯಾವಾಗ ಅಲ್ಲ ಎಂದು ತಿಳಿಯಬೇಕಾದರೆ ಅದು ಬೆಳೆಯುವ ನೆಲ ಹೇಗಿದೆ ನೋಡಬೇಕು.

ಅಘನಾಶಿನಿ ಶಿರಸಿ ಸೀಮೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಮುಂದೆ ನಿಧಾನವಾಗಿ ಹರಡಿಕೊಂಡು ಅಘನಾಶಿನಿ ಊರಿಗೂ ತದಡಿಗೂ ನಡುವೆ ಸಮುದ್ರ ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಮಳೆಗಾಲದ ಕೆಂಪು ನೀರು ಹೊತ್ತು ತರುವ ಗೋಡು ಮಣ್ಣು ನೇರವಾಗಿ ಅಳಿವೆಗೆ ಬಂದು ಬೀಳುತ್ತದೆ. ದಿನಕ್ಕೆ ಎರಡು ಸಲ ಏರುವ ಭರತದ (ಕಡಲಿನ ಉಬ್ಬರದ) ನೀರು ಅದನ್ನು ಇಕ್ಕೆಲದ ತಗ್ಗು ನೆಲದ ಮೇಲೆ ಹರಡುತ್ತದೆ. ಹೀಗೆ ಹೊಳೆಯೂ ಕಡಲೂ ಸೇರಿ ಕಟ್ಟಿದ ಜೌಗು ಗದ್ದೆಗಳಿಗೆ ಊರ ಜನ ಗಜನಿ ಅನ್ನುತ್ತಾರೆ. 4,801 ಹೆಕ್ಟೇರಿನ ಈ ಅಳಿವೆ 2024ರ ಜನವರಿ ಕೊನೆಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಗಜನಿಯ ವರ್ಷದ ಲೆಕ್ಕ ಹೀಗೆ. ಬೇಸಿಗೆಯ ಕೊನೆಗೆ ಉಪ್ಪುನೀರನ್ನು ಇಳಿತದ ಹೊತ್ತು ನೋಡಿ ಹೊರಗೆ ಬಿಟ್ಟು, ಕಟ್ಟೆ ಭದ್ರಪಡಿಸಿ, ನೆಲ ಒಣಗಲು ಬಿಡುತ್ತಾರೆ. ಜೂನಿನ ಮಳೆ ಸುರಿದಂತೆ ಮಣ್ಣಿನ ಉಪ್ಪು ಕರಗುತ್ತದೆ. ಆ ನೀರನ್ನು ಮತ್ತೆ ಮತ್ತೆ ಹಲಗೆ ಬಾಗಿಲಿನಿಂದ ಹೊರಗೆ ಕಳಿಸಬೇಕು. ಭರತ ಏರುವಾಗ ಬಾಗಿಲು ಮುಚ್ಚಿರಬೇಕು, ಇಳಿಯುವಾಗ ತೆರೆದಿರಬೇಕು. ಈ ಒಂದು ಕೆಲಸದಲ್ಲಿ ತಪ್ಪಿದರೆ ತೊಳೆದ ಉಪ್ಪು ಒಂದೇ ರಾತ್ರಿಯಲ್ಲಿ ವಾಪಸು ಬರುತ್ತದೆ. ನೀರು ಸಾಕಷ್ಟು ಸಪ್ಪೆಯಾದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಒಣ ಬೀಜ ಎರಚಿದರೆ ನೀರಿನಲ್ಲಿ ತೇಲಿ ಕೊಚ್ಚಿ ಹೋಗುತ್ತದೆ. ಮೊಳಕೆ ಬಂದದ್ದು ಕೆಸರಿಗೆ ಬೇಗ ಬೇರು ಕೊಡುತ್ತದೆ. ಮಳೆ ಹೊಯ್ಯುವ ತಿಂಗಳುಗಳೇ ಈ ಬೆಳೆಗೆ ಸಿಗುವ ಅವಧಿ. ಮಳೆ ನಿಂತರೆ ಹೊಳೆಯ ಒತ್ತಡ ಇಳಿದು ಉಪ್ಪು ಮೇಲೇರುತ್ತದೆ. ಅಷ್ಟರೊಳಗೆ ತೆನೆ ಬಲಿಯಬೇಕು.

ಬೇರೆ ಭತ್ತ ಇಲ್ಲಿ ಏಕೆ ಸಾಯುತ್ತದೆ, ಕಗ್ಗ ಏಕೆ ಬದುಕುತ್ತದೆ ಎಂಬುದಕ್ಕೆ ಗಿಡವನ್ನೇ ನೋಡಿದರೆ ಸಾಕು. ಐದು ಅಡಿವರೆಗೆ ಎತ್ತರ ಬೆಳೆಯುವ ಗಿಡ. ನೆರೆ ಬಂದು ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ, ಸ್ವಲ್ಪ ಉಪ್ಪು ನುಗ್ಗಿದರೂ ತಡೆಯುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಹೊಳೆ ತಂದ ಗೋಡು, ಕೊಳೆತ ಹುಲ್ಲು, ಮೀನು ಸಿಗಡಿಗಳ ಹಿಕ್ಕೆ ಇವೇ ಸತ್ವ. ಔಷಧ ಹೊಡೆದರೆ ಮುಂದಿನ ಸಿಗಡಿಯೂ ಇಲ್ಲ, ಏಡಿಯೂ ಇಲ್ಲ. ಅದಕ್ಕಾಗಿ ಇಲ್ಲಿ ಸಾವಯವ ಎಂಬುದು ಮಾರಾಟಕ್ಕೆ ಹಚ್ಚಿದ ಬಿರುದಲ್ಲ, ಗಜನಿಯ ಕಟ್ಟುಪಾಡು. ಕೊಯ್ಲಿನಲ್ಲಿ ಮೇಲಿನ ತೆನೆಭಾಗ ಮಾತ್ರ ಕೊಯ್ದು ಉದ್ದನೆಯ ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಬಳಿಕ ಬಾಗಿಲು ತೆರೆದು ಉಪ್ಪುನೀರು ಒಳಬಿಟ್ಟರೆ ಅದರ ಜೊತೆ ಬಂದ ಸಿಗಡಿ, ಮೀನು ಮರಿಗಳಿಗೆ ಆ ಕೊಳೆಯುವ ಹುಲ್ಲೇ ಮೇವು, ಅದೇ ಅಡಗುದಾಣ.

ಈಗ ತೊಂದರೆಯ ವಿಷಯ. ಹಿಂದೆ ಮಣ್ಣಿನ ಕಟ್ಟೆಗಳನ್ನು ಪ್ರತಿ ವರ್ಷ ಊರವರೇ ಸೇರಿ ಕಟ್ಟುತ್ತಿದ್ದರು. 1970ರ ದಶಕದಲ್ಲಿ ಉಪ್ಪುನೆಲಗಳಿಗೆಂದು ಸರ್ಕಾರ ತಂದ ಖಾರ್‌ಲ್ಯಾಂಡ್ ಯೋಜನೆಯಡಿ ಶಾಶ್ವತ ಕಟ್ಟೆಗಳು ಬಂದವು. ಒಳ್ಳೆಯದೇ ಆಯಿತು ಅನ್ನಿಸಿದರೂ ಕೂಡಿ ದುಡಿಯುವ ರೂಢಿ ಸಡಿಲವಾಯಿತು. 1990ರ ಹೊತ್ತಿಗೆ ಸಿಗಡಿ ಕೃಷಿಯ ಗುತ್ತಿಗೆ ಹಣ ಬಂತು. ವರ್ಷವಿಡೀ ಉಪ್ಪುನೀರು ನಿಲ್ಲಿಸಿಕೊಂಡರೆ ಸಿಗಡಿಗೆ ಲಾಭ, ಆದರೆ ಮಣ್ಣು ಮಳೆಯಲ್ಲಿ ತೊಳೆದುಕೊಳ್ಳಲು ಬಿಡುವೇ ಸಿಗುವುದಿಲ್ಲ. ಆ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿ ಉದ್ದಕ್ಕೂ ಸಿಗಡಿ ಹೊಂಡಗಳು ನೆಲಕಚ್ಚಿದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಉದ್ಯಮದ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಬಹಳ ಗಜನಿಗಳಲ್ಲಿ ಭತ್ತದ ರೂಢಿಯೇ ತಪ್ಪಿತ್ತು. ಕೆಲವು ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದು ನಿಂತಿದೆ. ಬಿತ್ತುವವರು ಕಡಿಮೆಯಾದಷ್ಟೂ ಉಳಿದವರ ಕಷ್ಟ ಹೆಚ್ಚು: ಒಬ್ಬನ ಕಡೆ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು, ಸುತ್ತ ಭತ್ತವಿಲ್ಲದಾಗ ಹಕ್ಕಿಗಳೆಲ್ಲ ಇದ್ದ ನಾಲ್ಕು ಗದ್ದೆಗೇ ಇಳಿಯುತ್ತವೆ. ಮಾಣಿಕಟ್ಟಾದಂಥ ಕಡೆ ರೈತರು ಕೂಡಿ ಈ ತಳಿ ಉಳಿಸಿಕೊಂಡಿದ್ದಾರೆ. ಇಳುವರಿ ಕಡಿಮೆ, ಕೂಲಿ ದುಬಾರಿ. ನೀವು ಕೊಡುವ ಹೆಚ್ಚುವರಿ ದುಡ್ಡು ಆ ಬಾಗಿಲು ತೆರೆದು ಮುಚ್ಚುವ ಕೈಗೆ ಹೋಗುವುದಾದರೆ ಅದು ನೂರಕ್ಕೆ ನೂರು ನ್ಯಾಯ.

ಹಾಗಾಗಿ ಕೊಳ್ಳುವಾಗ ಮಾರುವವರನ್ನು ಮೂರು ಮಾತು ಕೇಳಿ: ಯಾವ ಊರಿನ ಗಜನಿ, ಯಾವ ವರ್ಷದ ಕೊಯ್ಲು, ಬೆಳ್ತಿಗೆಯೋ (ಭತ್ತ ಬೇಯಿಸದೆ ಮಾಡಿದ ಅಕ್ಕಿ) ಕುಚ್ಚಲೋ. ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಮುಂದಿನ ಮಾತು. ಆಮೇಲೆ ಒಂದು ಹಿಡಿ ಅಂಗೈಗೆ ಸುರಿದುಕೊಳ್ಳಿ. ಕಾಳು ದಪ್ಪ, ಬಣ್ಣ ಇಟ್ಟಿಗೆ ಕೆಂಪಿನಿಂದ ಕಂದಿನವರೆಗೆ ಒಂದಿಷ್ಟು ಏರುಪೇರು. ಎಲ್ಲ ಕಾಳೂ ಒಂದೇ ಕಡುಗೆಂಪಾಗಿದ್ದರೆ ಅನುಮಾನ ಪಡಿ. ಒಂದು ಕಾಳು ಹಲ್ಲಿನಲ್ಲಿ ಮುರಿದು ನೋಡಿ: ಕೆಂಪು ಹೊರಪದರದಲ್ಲಿ ಮಾತ್ರ ಇರಬೇಕು. ಒಳಗೆ ಬೆಳ್ತಿಗೆಯಾದರೆ ಹಾಲು ಬಿಳುಪು, ಕುಚ್ಚಲಾದರೆ ಗಾಜಿನಂತೆ ಪಾರಕ. ಮನೆಗೆ ತಂದು ತೊಳೆದಾಗ ಮೊದಲ ನೀರು ಮಾಸಲು ಗುಲಾಬಿಯಾಗುವುದು ಸಹಜ. ಮೂರನೆಯ ಸಲವೂ ನೀರು ಕೆಂಪಾಗಿಯೇ ಹರಿದರೆ ಬಣ್ಣ ಹಚ್ಚಿದ ಅಕ್ಕಿ ಎಂದು ಶಂಕಿಸಬೇಕು.

ಗಿರಣಿಯ ಕೆಲಸವೂ ನೋಡುವಂಥದ್ದು. ಹಳೆಯ ಹಲ್ಲರಿನಲ್ಲಿ ಭತ್ತ ಉಜ್ಜಿ ಉಜ್ಜಿ ಸಿಪ್ಪೆ ಬಿಡಿಸುವುದರಿಂದ ನುಚ್ಚು ಜಾಸ್ತಿ, ಕೆಂಪು ಪದರವೂ ಪಟ್ಟೆ ಪಟ್ಟೆಯಾಗಿ ಹೋಗಿರುತ್ತದೆ. ರಬ್ಬರ್ ರೋಲರ್ ಗಿರಣಿಯಲ್ಲಿ ಮಾಡಿಸಿದ್ದಾದರೆ ಕಾಳು ಇಡಿಯಾಗಿರುತ್ತದೆ, ನಡುನಡುವೆ ಸಿಪ್ಪೆ ಹೋಗದ ಭತ್ತ ಸಿಗಬಹುದು. ಅದನ್ನು ಆರಿಸಿಕೊಳ್ಳಬೇಕಷ್ಟೆ, ದೋಷವಲ್ಲ. ಸಣ್ಣ ಚಿಪ್ಪಿನ ಚೂರು, ಮರಳು ಬರುವ ಸಾಧ್ಯತೆ ಇರುವುದರಿಂದ ತೊಳೆಯುವಾಗ ಅಗಲ ಪಾತ್ರೆಯಲ್ಲಿ ಗಾಲಿಸುವುದು ಒಳ್ಳೆಯದು. ಒಮ್ಮೆಗೆ ಎರಡು ತಿಂಗಳಿಗಾಗುವಷ್ಟು ಮಾತ್ರ ತನ್ನಿ. ತೌಡಿನ ಎಣ್ಣೆಯಿಂದ ಮುಗ್ಗಲು ವಾಸನೆ ಹಿಡಿಯುತ್ತದೆ, ಹುಳುವೂ ಬೆಳ್ಳಕ್ಕಿಗಿಂತ ಬೇಗ. ಮಳೆಗಾಲಕ್ಕೆ ಇಡಬೇಕೆಂದರೆ ಅಕ್ಕಿಯ ಬದಲು ಭತ್ತವನ್ನೇ ಇಟ್ಟುಕೊಂಡು ಬೇಕಾದಾಗ ಮಿಲ್ಲು ಮಾಡಿಸುವ ಹಳೆಯ ಕ್ರಮವೇ ಸರಿ.

ಬೇಯಿಸುವ ಬಗ್ಗೆ. ಹೆಚ್ಚಿನವರು ಸೋಲುವುದು ನೆನೆಹಾಕದೆ ಕುಕ್ಕರಿಗೆ ಇಟ್ಟು: ಹೊರಗೆ ಒಡೆದು ಒಳಗೆ ಗಟ್ಟಿ ಉಳಿಯುತ್ತದೆ. ಬೆಳ್ತಿಗೆ ಕಗ್ಗವನ್ನು ನಾಲ್ಕು ತಾಸು, ಕುಚ್ಚಲನ್ನು ರಾತ್ರಿಯಿಡೀ ನೆನೆಹಾಕಿ. ಗಂಜಿಗಾದರೆ ಒಂದು ಲೋಟ ಅಕ್ಕಿಗೆ ಏಳು ಲೋಟ ನೀರು, ದಪ್ಪ ತಳದ ಪಾತ್ರೆ. ಮೊದಲು ಜೋರಾಗಿ ಕುದಿಸಿ, ಆಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ತಾಸಿನಿಂದ ಒಂದು ತಾಸು. ಕಾಳು ನಡುವೆ ಬಿರಿದು, ತೆಳಿ (ಗಂಜಿನೀರು) ಕಂದುಬಣ್ಣಕ್ಕೆ ತಿರುಗಿ ಮಂದವಾಗಬೇಕು. ಉಪ್ಪು ಕೊನೆಗೆ ಹಾಕಿ. ಕುಕ್ಕರಿನಲ್ಲಾದರೆ ಒಂದಕ್ಕೆ ನಾಲ್ಕು ನೀರು, ಮೊದಲ ಸೀಟಿಯ ನಂತರ ಉರಿ ಇಳಿಸಿ ಇಪ್ಪತ್ತು ನಿಮಿಷ, ಒತ್ತಡ ತಾನಾಗಿಯೇ ಇಳಿಯಲಿ. ಊಟಕ್ಕೆ ಬಸಿದ ಅನ್ನ ಬೇಕೆಂದರೆ ಧಾರಾಳ ನೀರಿನಲ್ಲಿ ಬೇಯಿಸಿ ತೆಳಿ ಬಸಿಯಿರಿ, ತೆಳಿಯನ್ನು ಚೆಲ್ಲದೆ ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯಿರಿ. ಬಿಸಿ ಗಂಜಿಗೆ ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು ಅಥವಾ ಇದೇ ಅಳಿವೆಯ ಬೆಳಚಿನ (ಚಿಪ್ಪುಮೀನಿನ) ಸುಕ್ಕ ಇದ್ದರೆ ಬೇರೇನೂ ಬೇಡ. ಇದರ ರುಚಿ ತುಸು ಸಿಹಿ, ಹುರಿದ ಧಾನ್ಯದ ವಾಸನೆ. ಜಗಿಯಬೇಕು, ಬಾಯಲ್ಲಿ ಕರಗುವ ಅನ್ನ ಬಯಸುವವರಿಗೆ ಇದು ಒರಟು ಅನ್ನಿಸುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ನುಚ್ಚು ಮಾಡಿ ಬೇಯಿಸಿಕೊಡಿ.

ದೋಸೆಗೆ ಮೂರು ಪಾಲು ಬೆಳ್ತಿಗೆ ಕಗ್ಗ, ಒಂದು ಪಾಲು ಉದ್ದು, ಸ್ವಲ್ಪ ಮೆಂತ್ಯ. ಅಕ್ಕಿಯನ್ನು ಎಂಟು ತಾಸಾದರೂ ನೆನೆಸದಿದ್ದರೆ ತೌಡಿನ ತರಿ ನುಣ್ಣಗಾಗುವುದಿಲ್ಲ. ತೆಳ್ಳೇವಿಗೂ (ತೆಳು ದೋಸೆ) ಇದೇ ಎಚ್ಚರ, ಹಿಟ್ಟನ್ನು ಒಮ್ಮೆ ಜರಡಿ ಹಿಡಿದರೆ ಕಾವಲಿಯಲ್ಲಿ ಹರಿಯುವುದು ಸಲೀಸು.

ಎರಡು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ಉಪ್ಪುನೆಲದ ಅಕ್ಕಿ ಉಪ್ಪಾಗಿರುತ್ತದೆ ಎಂಬುದು ಸುಳ್ಳು. ಗಿಡ ಉಪ್ಪನ್ನು ಕಾಳಿನವರೆಗೆ ಏರಗೊಡುವುದಿಲ್ಲ. ಸಕ್ಕರೆ ಕಾಯಿಲೆಗೆ ಮದ್ದು ಎಂದು ಮಾರುವುದೂ ಸರಿಯಲ್ಲ. ನಾರಿನ ಅಂಶ ಹೆಚ್ಚಿರುವುದು ನಿಜ, ಆದರೆ ಪಿಷ್ಟ ಪಿಷ್ಟವೇ. ಅಳತೆ ಮೀರಿ ಉಂಡರೆ ಸಕ್ಕರೆ ಏರುತ್ತದೆ.

ಕಗ್ಗ ಸಿಗದಿದ್ದರೆ ಹತ್ತಿರದ ನೆಂಟ ಕೇರಳದ ಪೊಕ್ಕಾಳಿ. ಎರ್ನಾಕುಳಂ, ಆಲಪ್ಪುಳ, ತ್ರಿಶ್ಶೂರು ಕಡೆಯ ಹಿನ್ನೀರ ಗದ್ದೆಗಳಲ್ಲಿ ಹೀಗೆಯೇ ಮಳೆಗಾಲದಲ್ಲಿ ಭತ್ತ, ಉಳಿದಂತೆ ಸಿಗಡಿ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇರುವುದರಿಂದ ಹುಡುಕುವುದು ಸುಲಭ. ಬೇಯಿಸುವ ಕ್ರಮದಲ್ಲಿ ವ್ಯತ್ಯಾಸ ಮಾಡಬೇಕಿಲ್ಲ.

ಕಗ್ಗ ತರಲು ಕುಮಟಾಕ್ಕೆ ಹೋದವರು ಅದೇ ಅಳಿವೆಯ ಸಾಣಿಕಟ್ಟಾ ಉಪ್ಪನ್ನೂ ನೋಡಿ. ಗೋಕರ್ಣದ ಹತ್ತಿರ, ಭರತದ ನೀರನ್ನು ಮಣ್ಣಿನ ಮಡಿಗಳಿಗೆ ಬಿಟ್ಟು ಬಿಸಿಲಿಗೆ ಬತ್ತಿಸಿ ಮಾಡುವ ಹರಳುಪ್ಪು. ಮಣ್ಣಿನ ಛಾಯೆಯಿಂದ ಅಷ್ಟು ಬೆಳ್ಳಗಿರುವುದಿಲ್ಲ. ಮಿಡಿ ಉಪ್ಪಿನಕಾಯಿಗೆ ನಮ್ಮ ಆಯ್ಕೆ ಇದೇ, ಒಂದು ಷರತ್ತಿನ ಮೇಲೆ: ಲೋಟದ ಅಳತೆ ಬಿಟ್ಟು ತೂಕದಲ್ಲೇ ಹಾಕಿ, ಮಿಡಿಯ ತೂಕದ ಕಾಲು ಭಾಗ. ಹರಳಿನ ನಡುವೆ ಸಂದು ಇರುವುದರಿಂದ ಒಂದು ಲೋಟ ಹರಳುಪ್ಪು ಒಂದು ಲೋಟ ಪುಡಿಯುಪ್ಪಿಗಿಂತ ಹಗುರ, ಉಪ್ಪು ಕಡಿಮೆ ಬಿದ್ದು ಮಿಡಿ ಕೊಳೆಯುತ್ತದೆ. ಕಸ ಕಂಡರೆ ಬಿಸಿನೀರಲ್ಲಿ ಕರಗಿಸಿ, ತಿಳಿಯಾಗಲು ಬಿಟ್ಟು, ಮೇಲಿನದ್ದನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ಮಳೆಗಾಲದಲ್ಲಿ ನೀರೊಡೆಯುವುದು ಇದರ ಗುಣ, ಭರಣಿಯಲ್ಲಿಡಿ, ಕಬ್ಬಿಣದ ಡಬ್ಬಿ ಬೇಡ. ದಿನದ ಅಡುಗೆಗೆ ಮಾತ್ರ ಅಯೋಡಿನ್ ಸೇರಿಸಿದ್ದು ಎಂದು ಚೀಲದ ಮೇಲೆ ಬರೆದದ್ದನ್ನೇ ಕೊಳ್ಳಿ.

ಬೇಸಿಗೆಯಲ್ಲಿ ಹೋದರೆ ಹೆದ್ದಾರಿ ಬದಿಯಲ್ಲಿ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ ಕಾಣುತ್ತದೆ. ಇದು ಗಜನಿಯದ್ದಲ್ಲ, ಅಳ್ವೇಕೋಡಿ, ಹಂದಿಗೋಣ ಕಡೆಯ ಮರಳು ಮಿಶ್ರಿತ ನೆಲದ ಬೆಳೆ. ಬಿಡಿ ಈರುಳ್ಳಿಗಿಂತ ಹೆಣೆದದ್ದನ್ನೇ ತನ್ನಿ. ಹೆಣೆಯಲು ಒಣ ಎಲೆ ಗಡ್ಡೆಗೆ ಅಂಟಿಕೊಂಡಿರಲೇಬೇಕಾದ್ದರಿಂದ ಎಲೆ ಕತ್ತರಿಸಿ ಲಾರಿಯಲ್ಲಿ ಬಂದ ಸರಕು ಅದರಲ್ಲಿ ಬೆರೆಯುವುದಿಲ್ಲ. ಎಲೆಯ ಬುಡ ಹಿಸುಕಿ ನೋಡಿ, ಮೆತ್ತಗಿದ್ದರೆ ಬಿಡಿ. ಮನೆಯಲ್ಲಿ ಗಾಳಿಯಾಡುವ ಕಡೆ, ಒಂದು ಗೊಂಚಲು ಇನ್ನೊಂದಕ್ಕೆ ತಾಗದಂತೆ ಕಟ್ಟಿ, ವಾರಕ್ಕೊಮ್ಮೆ ನೋಡಿ ಕೊಳೆತ ಗಡ್ಡೆ ಕಿತ್ತುಹಾಕುತ್ತಿರಬೇಕು.