ತೆಗೆದಿಡುವ ಪ್ಲೇಟೋ, ಅಂಟಿಸುವ ಎಕ್ಸ್‌ಪಾಂಡರೋ: ನಮ್ಮನೇಲಿ ಎರಡನ್ನೂ ನೋಡಿದ್ದಾಯ್ತು

ಮಗನಿಗೆ 8 ವರ್ಷ ಇದ್ದಾಗ ಶುರುವಾಗಿದ್ದು. ಕಿರಿದಾದ ಮೇಲ್ದವಡೆ ಅಗಲಿಸೋಕೆ ಅಂತ, ಒಂದೇ ತೊಂದರೆಗೆ ಎರಡು ಸಾಧನ ಹಾಕಿಸಿದೆವು. ಮೊದಲು ತೆಗೆದು ಹಾಕುವ ಪ್ಲೇಟು, ಆಮೇಲೆ ಹಲ್ಲಿಗೇ ಅಂಟಿಸುವ ಎಕ್ಸ್‌ಪಾಂಡರ್. ನಾನು ಡಾಕ್ಟರಲ್ಲ, ದುಡ್ಡು ಕಟ್ಟಿ ಪಕ್ಕದಲ್ಲಿ ಕೂತಿದ್ದ ಅಮ್ಮ ಅಷ್ಟೇ.

ಅವನ ಮೇಲ್ದವಡೆ ಕಿರಿದು. ಬಾಯಿ ಮುಚ್ಚಿದರೆ ಬಲಗಡೆ ಮೇಲಿನ ಹಲ್ಲುಗಳು ಕೆಳಗಿನ ಹಲ್ಲುಗಳ ಒಳಗೆ ಹೋಗಿ ಕೂರುತ್ತಿದ್ದವು. ಇದಕ್ಕೆ ಕ್ರಾಸ್‌ಬೈಟ್ ಅಂತಾರೆ. ಅಗಿಯುವಾಗ ಗದ್ದ ಬಲಕ್ಕೆ ಜಾರುತ್ತಿತ್ತು. ಅತ್ತೆ ಮಾತ್ರ "ಬೆಳದಂಗೆಲ್ಲ ಸರಿ ಆಗ್ತತಿ ಬಿಡವ್ವ" ಅಂತಲೇ ಇದ್ದರು.

ಅವರ ಮಾತು ಸುಳ್ಳೂ ಅಲ್ಲ. ಮಗಳಿಗೆ 9 ವರ್ಷದಲ್ಲಿ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತು, ಒಂದು ಕ್ಲಿನಿಕ್‌ನಲ್ಲಿ ಈಗಲೇ ಕ್ಲಿಪ್ ಹಾಕಿಸಿ ಅಂತ ಪ್ಯಾಕೇಜ್ ಲೆಕ್ಕ ಬರೆದೇ ಕೊಟ್ಟರು, ಇನ್ನೊಬ್ಬ ಡಾಕ್ಟರು ನೋಡಿ, ಕೋರೆಹಲ್ಲು ಬರಲಿ ತಡೀರಿ ಅಂದರು. 12ಕ್ಕೆ ಕೋರೆಹಲ್ಲು ಬಂತು, ಸಂದಿ ತಾನಾಗಿ ಮುಚ್ಚಿತು. ಖರ್ಚು ಸೊನ್ನೆ! ಆದರೆ ಕ್ರಾಸ್‌ಬೈಟ್ ಸಾಮಾನ್ಯವಾಗಿ ಹಾಗೆ ತಾನಾಗಿ ಹೋಗುವುದಿಲ್ಲ, ಬೆಳೆಯುವ ದವಡೆ ಒಂದು ಕಡೆಗೆ ವಾಲಿಯೇ ಬೆಳೆಯಬಹುದು ಅಂತ ಅದೇ ಡಾಕ್ಟರು ಹೇಳಿದರು. ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ (ಹಲ್ಲು, ದವಡೆಯ ಜೋಡಣೆ ಸರಿಮಾಡುವ ಡಾಕ್ಟರುಗಳ) ಸಂಘ 7 ವರ್ಷದೊಳಗೆ ಒಂದು ಸಲ ಮಗುವನ್ನು ತೋರಿಸಿ ಅನ್ನುತ್ತದೆ. ತೋರಿಸಿ ಅಂದರೆ ಹಾಕಿಸಿ ಅಂತಲ್ಲ, ಅಲ್ವಾ?

ಮೊದಲು ಪ್ಲೇಟು. ಗುಲಾಬಿ ಬಣ್ಣದ ಅಕ್ರಿಲಿಕ್, ನಡುವೆ ಒಂದು ಸಣ್ಣ ಸ್ಕ್ರೂ, ಅದನ್ನು ತಿರುಗಿಸಿದರೆ ಪ್ಲೇಟು ಅಗಲವಾಗುತ್ತದೆ. ನಮಗೆ 6,000 ರೂಪಾಯಿ ಆಯಿತು. ವಾರಕ್ಕೊಮ್ಮೆ ಕೈಯಲ್ಲೇ ಹಿಡಿದು ಸ್ಕ್ರೂ ತಿರುಗಿಸಿ ಮತ್ತೆ ಬಾಯಿಗೆ ಹಾಕೋದು. ತೆಗೆದು ತೊಳೆಯಬಹುದು, ನೋವು ಕಡಿಮೆ. ಕಾಗದದ ಮೇಲೆ ಇದಕ್ಕಿಂತ ಸುಲಭದ್ದು ಇಲ್ಲ.

ಆದರೆ ಶಾಲೆಯಲ್ಲಿ ಊಟಕ್ಕೆ ತೆಗೆದು ಡಬ್ಬಿ ಮುಚ್ಚಳದಲ್ಲಿಡುತ್ತಿದ್ದ. ಒಂದು ದಿನ ಟಿಶ್ಯೂನಲ್ಲಿ ಸುತ್ತಿಟ್ಟ, ಅದು ಕಸದ ಬುಟ್ಟಿಗೆ ಹೋಯಿತು. ಹೊಸದಕ್ಕೆ ಮತ್ತೆ ದುಡ್ಡು. ಜ್ವರ ಬಂತು ಅಂತ ಒಂದು ವಾರ ಬಿಟ್ಟದ್ದೇ ತಡ, ಪ್ಲೇಟು ಒಳಗೇ ಕೂರಲಿಲ್ಲ, ಸ್ಕ್ರೂ ಹಿಂದಕ್ಕೆ ತಿರುಗಿಸಿಕೊಂಡು ಬರಬೇಕಾಯಿತು. ಏಳು ತಿಂಗಳಲ್ಲಿ ಆಗಿದ್ದು ಏನೇನೂ ಸಾಲದು. ಪ್ಲೇಟಿನ ತಪ್ಪಲ್ಲ, ಬಾಯಲ್ಲಿ ಇದ್ದರೆ ತಾನೇ ಕೆಲಸ ಮಾಡೋದು.

ಆಮೇಲೆ ಎಕ್ಸ್‌ಪಾಂಡರ್, 14,000. ಹಿಂದಿನ ಹಲ್ಲುಗಳಿಗೆ ಉಂಗುರ ಹಾಕಿ ಅಂಟಿಸುತ್ತಾರೆ, ಅಂಗುಳದ ನಡುವೆ ಸ್ಕ್ರೂ. ತಿರುಗಿಸುವ ಕೆಲಸ ನಮ್ಮದು. ಅವನ ತಲೆ ನನ್ನ ತೊಡೆ ಮೇಲೆ, ಗಂಡನ ಕೈಯಲ್ಲಿ ಮೊಬೈಲ್ ಟಾರ್ಚ್. ತಂತಿಯಂಥ ಕೀಲಿಯನ್ನು ತೂತಿಗೆ ಹಾಕಿ ಗಂಟಲ ಕಡೆಗೆ ತಳ್ಳಬೇಕು. ಮುಂದಿನ ತೂತು ಪೂರ್ತಿ ಕಾಣುವವರೆಗೂ ತಳ್ಳದಿದ್ದರೆ ಮಾರನೇ ದಿನ ಕೀಲಿ ಹೋಗುವುದೇ ಇಲ್ಲ. ಕೈ ಜಾರಿ ನುಂಗಿಬಿಟ್ಟರೆ ಅಂತ ಕೀಲಿಗೆ ದಾರ ಕಟ್ಟಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಒಂದು ಸಲಕ್ಕೆ ಕಾಲು ಮಿಲಿಮೀಟರ್, ದಿನಕ್ಕೆ ಒಂದು ಸಲ, 24 ದಿನ. ಮೊದಲ ಮೂರು ದಿನ ಮೂಗಿನ ಬುಡ ಬಿಗಿಯುತ್ತೆ ಅಂತ ಅತ್ತ.

ಹತ್ತನೇ ದಿನಕ್ಕೆ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಬಿತ್ತು. ನಾನು ಹೆದರಿ ಫೋನ್ ಮಾಡಿದರೆ ಡಾಕ್ಟರು ಖುಷಿಪಟ್ಟರು. ಅಂಗುಳದ ನಡುವೆ ಎರಡು ಕಡೆಯ ಮೂಳೆ ಸೇರುವ ಕೂಡುಗೆರೆ ತೆರೆದುಕೊಳ್ಳುತ್ತಿದೆ ಅನ್ನೋದಕ್ಕೆ ಅದೇ ಗುರುತಂತೆ. ಪ್ಲೇಟು ಹೆಚ್ಚಾಗಿ ಹಲ್ಲನ್ನು ಹೊರಕ್ಕೆ ಬಾಗಿಸುತ್ತದೆ, ಇದು ಮೂಳೆಯನ್ನೇ ಅಗಲಿಸುತ್ತದೆ. ದೊಡ್ಡವರಾದ ಮೇಲೆ ಆ ಗೆರೆ ಬೆಸೆದುಕೊಳ್ಳುತ್ತದೆ, ಆಗ ಆಪರೇಷನ್ನೇ ಬೇಕಾಗಬಹುದು. ಬೇಗ ಮಾಡಿಸಿ ಅನ್ನೋದು ಇದಕ್ಕೇ.

ಕಷ್ಟ ಇಲ್ಲ ಅಂತಲ್ಲ. ನಾಲಿಗೆ ಅಂಗುಳಕ್ಕೆ ತಾಗದೆ "ಬಾಳೆಹಣ್ಣು" ಎರಡು ವಾರ "ಬಾಲೆಹನ್ನು" ಆಗಿತ್ತು, ತರಗತಿಯಲ್ಲಿ ನಕ್ಕರು. ಮುದ್ದೆಗೆ ತೊಂದರೆಯೇ ಇಲ್ಲ, ನುಂಗೋದು ತಾನೇ. ಮಂಡಕ್ಕಿ ಮಾತ್ರ ಸ್ಕ್ರೂ ಸಂದಿಗೆ ಹೋಗಿ ಕೂರುತ್ತಿತ್ತು, ಸೂಜಿ ಇಲ್ಲದ ಸಿರಿಂಜಲ್ಲಿ ನೀರು ಹೊಡೆದು ತೆಗೆಯಬೇಕು. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡು ಅಂದರೆ ಯಾರು ಕೇಳ್ತಾರೆ! ಕಬ್ಬು, ಚಿಕ್ಕಿ ಪೂರ್ತಿ ಬಂದ್. ತಿರುಗಿಸೋದು ಮುಗಿದ ಮೇಲೂ ಹೊಸ ಮೂಳೆ ಗಟ್ಟಿಯಾಗಲಿ ಅಂತ ಆರು ತಿಂಗಳು ಹಾಗೇ ಬಿಟ್ಟಿದ್ದರು. ಮುಂದಿನ ಹಲ್ಲುಗಳ ಸಂದಿ ಅಷ್ಟರಲ್ಲಿ ತಾನಾಗಿ ಕೂಡಿಕೊಂಡಿತ್ತು.

ನನ್ನನ್ನು ಕೇಳಿದರೆ, ಕ್ರಾಸ್‌ಬೈಟ್‌ಗೆ ಅಂಟಿಸುವುದೇ ವಾಸಿ. ಹೇಳಿದ ಮಾತು ಕೇಳುವ, ವಸ್ತು ಕಳೆಯದ ಮಗು ಇದ್ದರೆ, ತೊಂದರೆಯೂ ಸಣ್ಣದಾಗಿದ್ದರೆ ಪ್ಲೇಟು ಸಾಕು. ನಮ್ಮನೇಲಿ ಅಂಥ ಮಗು ಇಲ್ಲ. ಖರ್ಚಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜಿನ ಆಸ್ಪತ್ರೆ ನೋಡಿ. ಅಲ್ಲಿ ಎಂಡಿಎಸ್ (ಹಲ್ಲಿನ ಡಾಕ್ಟರ ಸ್ನಾತಕೋತ್ತರ ಪದವಿ) ಓದುವವರು ಪ್ರೊಫೆಸರ್ ಎದುರಿಗೇ ಮಾಡುತ್ತಾರೆ, ಕಾಯಬೇಕು ಅಷ್ಟೇ.

ಎಕ್ಸ್‌ಪಾಂಡರ್ ತೆಗೆದು ಹೋದ ತಿಂಗಳು ರಿಟೇನರ್ ಕೊಟ್ಟಿದ್ದಾರೆ, ಅಗಲವಾದದ್ದು ಮತ್ತೆ ಹಿಂದಕ್ಕೆ ಹೋಗದಂತೆ ಹಿಡಿದಿಡೋಕೆ. ಅದು ಮತ್ತೆ ತೆಗೆದು ಹಾಕುವಂಥದ್ದೇ. ನಿನ್ನೆ ಅವನ ಜಾಮಿಟ್ರಿ ಬಾಕ್ಸ್‌ನಲ್ಲಿ ಸಿಕ್ಕಿತು, ರಬ್ಬರ್ ಪಕ್ಕದಲ್ಲಿ.