‘ಬೇಡವಾದರೆ ತೆಗೆದುಬಿಡಬಹುದು’ ಎಂದರು: ಚಾಳೀಸಿಗಾಗಿ ಕಣ್ಣಿನೊಳಗೆ ಬಿಲ್ಲೆ ಇಡಿಸಿಕೊಂಡವನ ಅನುಭವ

ಚಾಳೀಸು ಕನ್ನಡಕದ ಗೊಡವೆಯೇ ಬೇಡವೆಂದು ನಲವತ್ತೇಳನೆಯ ವಯಸ್ಸಿನಲ್ಲಿ ಎಡಗಣ್ಣಿನ ಕಾರ್ನಿಯಾದೊಳಗೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದೊಳಗೆ, ಒಂದು ಸಣ್ಣ ಬಿಲ್ಲೆಯನ್ನು ಇಡಿಸಿಕೊಂಡೆ. ಎರಡು ವರ್ಷ ತುಂಬುವುದರೊಳಗೆ ಅದನ್ನು ತೆಗೆಸಬೇಕಾಯಿತು, ತೆಗೆಸಿದ ಮೇಲೂ ಆ ಕಣ್ಣು ಮೊದಲಿನಂತಾಗಲಿಲ್ಲ. ಈ ಬಿಲ್ಲೆಯನ್ನು ‘ಇನ್‌ಲೇ’ ಎನ್ನುತ್ತಾರೆ. ಆಸ್ಪತ್ರೆಯ ಹೆಸರನ್ನಾಗಲಿ, ನನ್ನ ಕಣ್ಣಿನಲ್ಲಿದ್ದದ್ದು ಯಾವ ಕಂಪನಿಯದೆಂಬುದನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನನ್ನ ದೂರು ಮುಖ್ಯವಾಗಿ ಅಲ್ಲಿ ನನಗೆ ಹೇಳಿದ ಒಂದೇ ಒಂದು ಮಾತಿನ ಬಗ್ಗೆ.

ದುಬೈಯಲ್ಲಿ ನನ್ನದು ಲೆಕ್ಕಪತ್ರ ನೋಡುವ ಕೆಲಸ. ಬಿಲ್ಲುಗಳಲ್ಲಿ 6 ಯಾವುದು, 8 ಯಾವುದು ಎಂದು ತಿಳಿಯದೆ ಕಾಗದವನ್ನು ಕೈ ಚಾಚಿ ದೂರ ಹಿಡಿಯುವ ಸ್ಥಿತಿ ಬಂದಾಗ, ‘ಕನ್ನಡಕ ಹಾಕಿಕೊಂಡರೆ ಮರ್ಯಾದೆ ಹೋಗ್ತದಾ ಮಾರಾಯ್ರೆ?’ ಎಂದು ಹೆಂಡತಿ ಕೇಳಿದ್ದಳು. ಕೇಳಬೇಕಾದ ಪ್ರಶ್ನೆಯನ್ನು ಅವಳೊಬ್ಬಳೇ ಕೇಳಿದ್ದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಗಡುಸಾಗಿ, ಹತ್ತಿರದ್ದನ್ನು ನೋಡುವಾಗ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ಚಾಳೀಸು ಎಂದರೆ ಅಷ್ಟೇ. ಬಿಲ್ಲೆ ಆ ಮಸೂರವನ್ನು ಮುಟ್ಟುವುದೂ ಇಲ್ಲ. ಅದು ಕೂರುವುದು ಮುಂಭಾಗದ ಕಾರ್ನಿಯಾದಲ್ಲಿ, ಲೇಸರಿನಿಂದ ಸೀಳಿದ ಜಾಗದಲ್ಲಿ, ಅದೂ ಸಾಮಾನ್ಯವಾಗಿ ದೂರದ ನೋಟಕ್ಕೆ ನಾವು ಕಡಿಮೆ ನೆಚ್ಚಿಕೊಂಡಿರುವ ಒಂದು ಕಣ್ಣಿನಲ್ಲಿ ಮಾತ್ರ. ಎರಡು ಅಂಗೈಗಳನ್ನು ಜೋಡಿಸಿ ನಡುವೆ ಒಂದು ಕಿಂಡಿ ಮಾಡಿಸಿ, ಅದರೊಳಗಿಂದ ಗೋಡೆಯ ಗಡಿಯಾರವನ್ನು ನೋಡಿಸಿ, ನನ್ನ ಆ ಕಣ್ಣು ಎಡಗಣ್ಣೆಂದು ಗೊತ್ತುಮಾಡಿದರು.

ಆಮೇಲೆ ಹದಿನೈದು ನಿಮಿಷದ ಮಾತುಕತೆ. ಅದರಲ್ಲಿ ಮೂರು ಬಾರಿ ಕೇಳಿದ ಮಾತು, ‘ಬೇಡವಾದರೆ ತೆಗೆದುಬಿಡಬಹುದು.’ ಈ ಮಾತು ಸುಳ್ಳಲ್ಲ, ಬಿಲ್ಲೆಯನ್ನು ತೆಗೆಯಲು ಬರುತ್ತದೆ. ಆದರೆ ನಾನು ಅದನ್ನು ಉಂಗುರ ಕಳಚಿಟ್ಟಂತೆ ಎಂದು ಅರ್ಥಮಾಡಿಕೊಂಡೆ, ಹಾಗೆ ಅರ್ಥಮಾಡಿಕೊಳ್ಳಲಿ ಎಂದೇ ಹೇಳಿದಂತಿತ್ತು. ಒಪ್ಪಿಗೆ ಪತ್ರದಲ್ಲಿ ಎಲ್ಲವೂ ಇತ್ತೆಂದು ಆಮೇಲೆ ತೋರಿಸಿದರು. ಇದ್ದದ್ದು ನಿಜ, ಚಾಳೀಸು ಬಂದವನ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ಮೊದಲ ಐದಾರು ತಿಂಗಳು ನಾನು ಸಿಕ್ಕವರಿಗೆಲ್ಲ ಇದನ್ನು ಹೊಗಳಿದ್ದೇನೆ. ಮಾತ್ರೆಯ ಪಟ್ಟಿಯ ಬೆನ್ನಿನ ಮೇಲಿನ ದಿನಾಂಕವನ್ನು ಬರಿಗಣ್ಣಿನಲ್ಲಿ ಓದಿ ಹೇಳುತ್ತಿದ್ದೆ. ಕಣ್ಣು ಒಣಗಿ ಉರಿಯುವುದು, ರಾತ್ರಿ ಹೆದ್ದಾರಿಯಲ್ಲಿ ಪ್ರತಿ ದೀಪದ ಸುತ್ತ ಬಳೆಯಂತೆ ಬೆಳಕು ಹರಡುವುದು ಮೊದಲಿನಿಂದಲೂ ಇತ್ತು; ಹೊಂದಿಕೊಳ್ಳುತ್ತದೆ ಎಂದಿದ್ದರು, ಸುಮ್ಮನಿದ್ದೆ. ಒಂಬತ್ತನೆಯ ತಿಂಗಳಿನ ಹೊತ್ತಿಗೆ ಬಚ್ಚಲುಮನೆಯ ಕನ್ನಡಿಗೆ ಹಬೆ ಕೂತಂತೆ ಎಡಗಣ್ಣಿನ ನೋಟ ಮಬ್ಬಾಯಿತು. ಸ್ಟಿರಾಯ್ಡ್ ಹನಿ ಕೊಟ್ಟರು, ತಿಳಿಯಾಯಿತು. ನಿಲ್ಲಿಸಿದರೆ ಮತ್ತೆ ಮಬ್ಬು. ಹೀಗೆ ಮೂರು ಸುತ್ತು ನಡೆದ ಮೇಲೆ, ಸಾಮಾನ್ಯವಾಗಿ 21ರೊಳಗೆ ಇರಬೇಕಾದ ಕಣ್ಣಿನ ಒತ್ತಡ 27ಕ್ಕೆ ಏರಿತ್ತು. ಸ್ಟಿರಾಯ್ಡ್ ಹನಿಯನ್ನು ಬಹುಕಾಲ ಬಿಟ್ಟರೆ ಕೆಲವರಲ್ಲಿ ಒತ್ತಡ ಏರಿ, ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾಕ್ಕೆ ದಾರಿಯಾಗಬಹುದು, ಪೊರೆಯೂ ಬೇಗ ಬರಬಹುದು ಎಂಬುದನ್ನು ಅಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ರಜೆಯಲ್ಲಿ ಊರಿಗೆ ಬಂದಾಗ ಮಂಗಳೂರಿನ ವೈದ್ಯರೊಬ್ಬರು ಯಂತ್ರದಲ್ಲಿ ಕಣ್ಣನ್ನು ನೋಡಿ, ಪರದೆಯ ಮೇಲೆ ನನಗೂ ತೋರಿಸಿದರು: ಬಿಲ್ಲೆಯ ಸುತ್ತ ನೀರಿಗೆ ಬಿದ್ದ ಹಾಲಿನ ಹನಿಯಂಥ ಬಿಳಿ ಮಸುಕು. ಹೊರಗಿನ ವಸ್ತುವಿಗೆ ಕಾರ್ನಿಯಾ ತೋರಿಸುವ ಪ್ರತಿಕ್ರಿಯೆ ಅದು, ಗಾಯ ಮಾಯುವಾಗ ಕಲೆ ಕಟ್ಟುವಂತೆ. ‘ಬಿಲ್ಲೆ ತೆಗೆಯಬಹುದು, ಈ ಕಲೆಯನ್ನು ಹಾಗೆ ತೆಗೆಯಲು ಬರುವುದಿಲ್ಲ, ಕಾಲಕ್ರಮೇಣ ಎಷ್ಟು ಕರಗುತ್ತದೋ ಅಷ್ಟೇ’ ಎಂದರು. ಈ ಒಂದು ವಾಕ್ಯವನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ.

ಸರ್ಕಾರಿ ಒಪ್ಪಿಗೆ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಒಂದು ವಿಷಯವನ್ನು ತಿಳಿದಿರಬೇಕು. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2015ರಲ್ಲಿ ‘ಕಾಮ್ರಾ’ ಎಂಬ, ನಡುವೆ 1.6 ಮಿಲಿಮೀಟರಿನ ರಂಧ್ರವಿರುವ ಕಪ್ಪು ಬಳೆಯಂಥ ಬಿಲ್ಲೆಗೂ, 2016ರ ಜೂನ್‌ನಲ್ಲಿ ‘ರೇನ್‌ಡ್ರಾಪ್’ ಎಂಬ, ಕಾರ್ನಿಯಾದ ಉಬ್ಬನ್ನೇ ಬದಲಿಸುವ ಪಾರದರ್ಶಕ ಬಿಲ್ಲೆಗೂ ಒಪ್ಪಿಗೆ ಕೊಟ್ಟಿತು. 2018ರ ಅಕ್ಟೋಬರ್‌ನಲ್ಲಿ ಅದೇ ಎಫ್‌ಡಿಎ, ರೇನ್‌ಡ್ರಾಪ್ ಇಟ್ಟುಕೊಂಡವರಲ್ಲಿ ಕಾರ್ನಿಯಾ ಮಸುಕಾಗುವ ಅಪಾಯ ಹೆಚ್ಚಿದೆ, ಇನ್ನು ಅದನ್ನು ಇಡಬೇಡಿ ಎಂದು ವೈದ್ಯರನ್ನು ಎಚ್ಚರಿಸಿತು. ಅದನ್ನು ತಯಾರಿಸುತ್ತಿದ್ದ ಕಂಪನಿ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಬಿಲ್ಲೆ ಕಣ್ಣಿನಲ್ಲಿರುವಾಗ ಅದನ್ನು ಮಾಡಿದವರೇ ಇಲ್ಲವೆಂದರೆ ಯಾರನ್ನು ಕೇಳುವುದು?

ಇಂಥದ್ದನ್ನು ಯಾರಾದರೂ ನಿಮಗೆ ಸೂಚಿಸಿದರೆ, ‘ತೆಗೆಯಬಹುದೇ?’ ಎಂದು ಕೇಳಿ ಬಿಡಬೇಡಿ. ‘ನೀವು ಇಟ್ಟದ್ದರಲ್ಲಿ ಎಷ್ಟನ್ನು ತೆಗೆದಿದ್ದೀರಿ, ತೆಗೆದ ಮೇಲೆ ಆ ಕಣ್ಣುಗಳು ಹೇಗಿವೆ?’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಒಂದು ಕಣ್ಣು ಹತ್ತಿರಕ್ಕೆ, ಇನ್ನೊಂದು ದೂರಕ್ಕೆ ಎಂಬ ಏರ್ಪಾಡು ನಿಮಗೆ ಒಗ್ಗುತ್ತದೆಯೇ ಎಂಬುದನ್ನು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆಲವು ವಾರ ನೋಡಬಹುದು, ಬೇಡವಾದರೆ ಅದನ್ನು ನಿಜವಾಗಿಯೂ ತೆಗೆದುಬಿಡಬಹುದು. ಮೊದಲೇ ಕಣ್ಣು ಒಣಗುವ ತೊಂದರೆ ಇರುವವರು, ರಾತ್ರಿ ವಾಹನ ಓಡಿಸುವವರು ಇನ್ನೂ ಹಿಂದೆಮುಂದೆ ನೋಡಬೇಕು.

ಈಗಾಗಲೇ ಇಡಿಸಿಕೊಂಡವರಿಗೆ ಒಂದು ಮಾತು. ಮುಂದೆ ಪೊರೆ ಬಂದಾಗ, ಒಳಗೆ ಕೂರಿಸುವ ಲೆನ್ಸಿನ ಪವರನ್ನು ಲೆಕ್ಕ ಹಾಕುವುದು ಇಂಥ ಕಾರ್ನಿಯಾದಲ್ಲಿ ಕಷ್ಟವಾಗುತ್ತದೆ. ಆದ್ದರಿಂದ ಬಿಲ್ಲೆ ಯಾವುದು, ಯಾವ ದಿನ, ಎಷ್ಟು ಆಳದಲ್ಲಿ ಇಟ್ಟರು, ಅದಕ್ಕೂ ಮುಂಚಿನ ಅಳತೆಗಳೇನು ಎಂಬ ದಾಖಲೆಯನ್ನು ಈಗಲೇ ಕೇಳಿ ಇಟ್ಟುಕೊಳ್ಳಿ. ನಾನು ನಾಲ್ಕು ಇಮೇಲ್ ಬರೆದ ಮೇಲೆ ಎರಡು ಹಾಳೆ ಬಂದವು. ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ. ಅವನ್ನು ಓದಲು ಕನ್ನಡಕ ಬೇಕು.