ಕುಕ್ಕರ್ ಕೇಕೋ, ಅಟ್ಟದ ಕೊಬ್ಬರಿಯೋ: ಹದಿನೆಂಟು ಮನೆಗೆ ಹಂಚಿ ನೋಡಿದ್ದು

ಕ್ರಿಸ್‌ಮಸ್‌ನಿಂದ ಸಂಕ್ರಾಂತಿಯವರೆಗಿನ ಮೂರು ವಾರಗಳಲ್ಲಿ ನಮ್ಮ ಮನೆಯಿಂದ ಹದಿನೆಂಟು ಮನೆಗಳಿಗೆ ಏನಾದರೂ ಹೋಗಲೇಬೇಕು. ನಮ್ಮದು ಬಸವನಗುಡಿಯ ಹಳೆಯ ಬೀದಿ. ಎದುರುಮನೆಯ ಮಂಗಳೂರಿನ ಆಂಟಿ ಕ್ರಿಸ್‌ಮಸ್‌ಗೆ ತಟ್ಟೆ ತುಂಬ ಕುಸ್ವಾರ್, ಅಂದರೆ ಅವರ ಹಬ್ಬದ ಬಗೆಬಗೆಯ ತಿಂಡಿ, ಕಳಿಸುತ್ತಾರೆ. ಉಳಿದವರ ಮನೆಯ ಹೆಣ್ಣುಮಕ್ಕಳು ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಬರುತ್ತಾರೆ. ಎಷ್ಟೋ ವರ್ಷ ನಾವು ಬೇಕರಿಯ ಡಬ್ಬಿ, ಅಂಗಡಿಯ ಪೊಟ್ಟಣ ಕೊಟ್ಟು ಈ ಋಣ ತೀರಿಸಿದೆವು. ಒಂದು ಸಲ ಪೊಟ್ಟಣ ಬಿಚ್ಚಿದಾಗ ಕೊಬ್ಬರಿಯ ಕಮಟು ವಾಸನೆ ಮೂಗಿಗೆ ಬಡಿಯಿತು. ಅದೇ ಸರಕು ಆಗಲೇ ಒಂಬತ್ತು ಮನೆಗೆ ಹೋಗಿಯಾಗಿತ್ತು. ಇನ್ನು ಮೇಲೆ ಕೊಟ್ಟರೆ ಮನೆಯಲ್ಲಿ ಮಾಡಿದ್ದನ್ನೇ ಕೊಡುವುದು ಎಂದು ಅಂದೇ ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು.

ಮೊದಲು ಕೇಕ್. ಓವನ್ ಇರಲಿಲ್ಲವಾದ್ದರಿಂದ 5 ಲೀಟರಿನ ಹಳೆಯ ಕುಕ್ಕರನ್ನು ಇಳಿಸಿದೆ. ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಟ್ಟು, ತಳಕ್ಕೆ ಒಂದು ಬೆರಳು ದಪ್ಪ ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, 10 ನಿಮಿಷ ಕಾಯಿಸಿದ ಮೇಲೆ ಹಿಟ್ಟಿನ ಪಾತ್ರೆ ಇಳಿಸಿ, ಸಣ್ಣ ಉರಿಯಲ್ಲಿ 50 ನಿಮಿಷ ಬೇಯಿಸುವುದು. ಆ ಉಪ್ಪು ಮತ್ತೆ ಅಡುಗೆಗೆ ಬರುವುದಿಲ್ಲ, ಆದರೆ ಮುಂದಿನ ಕೇಕಿಗೆ ಬರುತ್ತದೆ. ನಮ್ಮಲ್ಲಿ ಅದಕ್ಕೆಂದೇ ಈಗ ಒಂದು ಡಬ್ಬಿ ಇದೆ. ದ್ರಾಕ್ಷಿ, ಖರ್ಜೂರ, ಚೆರ್ರಿಗಳನ್ನು ಮೂರು ದಿನ ಮುಂಚೆಯೇ ಕಿತ್ತಳೆ ರಸದಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೆವು. ಪ್ಲಮ್ ಕೇಕಿನ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಬಾಣಲೆಯಲ್ಲಿ ನೀರಿಲ್ಲದೆ ಕರಗಿದ ಸಕ್ಕರೆ ಜೇನಿನ ಬಣ್ಣ ದಾಟಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತಿದ್ದ ಹಾಗೆ, ಮುಖ ಹಿಂದಕ್ಕೆ ಎಳೆದುಕೊಂಡು ಬಿಸಿನೀರು ಸುರಿಯಬೇಕು. ಆ ಕ್ಷಣ ತಪ್ಪಿದರೆ ಇಡೀ ಕೇಕ್ ಕಹಿ. ನನಗೆ ತಪ್ಪಿತು.

ಕುಕ್ಕರಿನ ಕೇಕ್ ಒಳಗೆ ತೇವವಾಗಿ, ಮೆತ್ತಗೆ, ನಿಜಕ್ಕೂ ಚೆನ್ನಾಗಿ ಬರುತ್ತದೆ. ಬುಡ ಮಾತ್ರ ಸೀಯುವುದರ ಅಂಚಿನಲ್ಲಿರುತ್ತದೆ, ಮೇಲ್ಭಾಗ ಇಡ್ಲಿಯ ಹಾಗೆ ಪೆಚ್ಚಾಗಿರುತ್ತದೆ. ಮನೆಯವರು ತಿನ್ನುವುದಾದರೆ ಬುಡ ಕೆರೆದು ತಿನ್ನಬಹುದು. ಯಾರ ಕೈಗಾದರೂ ಕೊಡುವಾಗ ಆ ಮುಖ ನೋಡಿ ನಾವೇ ಸಮಜಾಯಿಷಿ ಹೇಳಬೇಕಾಗುತ್ತದೆ. ತಂಗಿಯ ಮನೆಯಿಂದ ಎರವಲು ತಂದ ಒಟಿಜಿಯಲ್ಲಿ, ಅಂದರೆ ಕರೆಂಟಿನ ಪುಟ್ಟ ಓವನ್ನಿನಲ್ಲಿ, 160 ಡಿಗ್ರಿಗೆ ಇಟ್ಟಾಗ ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿ, ನಡುವೆ ಸೀಳು ಬಿಟ್ಟುಕೊಂಡು, ನೋಡಿದವರು ಕೇಕ್ ಎನ್ನುವಂತೆ ಬಂತು. ಆದರೆ ಎರಡನೆಯ ಕೇಕಿನ 35ನೆಯ ನಿಮಿಷದಲ್ಲಿ ಕರೆಂಟ್ ಹೋಯಿತು. ಒಟಿಜಿಯ ಭಾರ ನಮ್ಮ ಇನ್ವರ್ಟರ್ ಹೊರುವುದಿಲ್ಲ. ಮರಳಿ ಬರುವ ಹೊತ್ತಿಗೆ ನಡುಭಾಗ ಬಾವಿಯ ಹಾಗೆ ಕುಸಿದಿತ್ತು. ಗ್ಯಾಸ್ ಒಲೆಗೆ ಈ ಕಾಟವಿಲ್ಲ.

ಲೆಕ್ಕಕ್ಕೆ ಬಂದರೆ, ಮನೆಗೆ 200 ಗ್ರಾಮಿನಂತೆ ಹದಿನೆಂಟು ಮನೆಗೆ 3 ಕಿಲೋ 600 ಗ್ರಾಂ ಬೇಕು. ಕುಕ್ಕರಿನಲ್ಲಿ ಒಂದು ಸಲಕ್ಕೆ ಅರ್ಧ ಕಿಲೋ, ಅಂದರೆ ಎಂಟು ಸರದಿ. ಒಟಿಜಿಯಲ್ಲಿ ಕಿಲೋದಂತೆ ನಾಲ್ಕು. ಹಂಚುವುದಕ್ಕಾಗಿ ಮಾಡುವುದಾದರೆ ಒಟಿಜಿಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಇಬ್ಬರು ಮೂವರು ಕೂತು ತಿನ್ನುವುದಕ್ಕೆ ಕುಕ್ಕರ್ ಸಾಕು, ಒಂದು ಪೆಟ್ಟಿಗೆ ಕೊಂಡು ಅಡುಗೆಮನೆಯ ಜಾಗ ತಿನ್ನಿಸುವುದು ಬೇಡ.

ನಿಜವಾದ ತೊಡಕು ಮೊಟ್ಟೆಯದು. ಹದಿನೆಂಟರಲ್ಲಿ ಹನ್ನೊಂದು ಮನೆಯವರು ಮೊಟ್ಟೆ ಮುಟ್ಟುವುದಿಲ್ಲ. ಎರಡು ಬಗೆ ಮಾಡಿ ಚೀಟಿ ಅಂಟಿಸಿದರೂ ಸಂಶಯ ಹೋಗುವುದಿಲ್ಲ ಎಂದು ಎಲ್ಲರಿಗೂ ಮೊಸರು, ಸೋಡಾ ಹಾಕಿದ್ದನ್ನೇ ಮಾಡಿದೆವು. ಅದು ಮೊದಲ ದಿನ ಸೊಗಸು, ಮೂರನೆಯ ದಿನಕ್ಕೆ ಉದುರು ಉದುರು. ಎದುರುಮನೆಯ ಆಂಟಿಗೆ ಕೊಟ್ಟ ತುಂಡಿನ ಫಲಿತಾಂಶ ಅರ್ಧ ಗಂಟೆಯಲ್ಲೇ ಬಂತು: "ಒಳ್ಳೆಯದುಂಟು ಮಾರಾಯರೆ, ಸಕ್ಕರೆ ಸ್ವಲ್ಪ ಜಾಸ್ತಿ ಸುಟ್ಟದ್ದು." ಅವರ ಮನೆಯ ಕುಸ್ವಾರಿನ ತಟ್ಟೆಯಲ್ಲಿ ಕಿಡಿಯೊ, ನೆವ್ರಿ, ಗುಳಿಯೊ, ಚಕ್ಕುಲಿ ಎಲ್ಲ ಇದ್ದವು, ಎಲ್ಲವೂ ಕರಿದವು, ವಾರಗಟ್ಟಲೆ ಗರಿಗರಿ ಉಳಿಯುವಂಥವು. ಅಂಥ ಮನೆಗೆ ಕೇಕ್ ಕೊಡಲು ಹೋದ ನನ್ನ ಧೈರ್ಯಕ್ಕೆ ನನಗೇ ನಗು ಬಂತು. ಇನ್ನೊಂದು ಮಾತೂ ಆವತ್ತೇ ಹೊಳೆಯಿತು. ಮೈದಾ, ಸಕ್ಕರೆ, ಬೆಣ್ಣೆ, ಒಣಹಣ್ಣು ಎಲ್ಲವೂ ಅಂಗಡಿಯವು. ನಾವು 'ಮನೆಯ ಕೇಕ್' ಎಂದು ಹೆಮ್ಮೆಯಿಂದ ಕೊಟ್ಟದ್ದರಲ್ಲಿ ಮನೆಯದ್ದು ಎನ್ನುವುದು ಮೊಸರೊಂದೇ.

ಮನೆಯದ್ದು ಎಷ್ಟು, ಅಂಗಡಿಯದು ಎಷ್ಟು ಎನ್ನುವ ಈ ಪ್ರಶ್ನೆ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ, ಏಕೆಂದರೆ ಅದರಲ್ಲಿ ಬೇಯಿಸುವುದು ಏನೂ ಇಲ್ಲ. ಹುರಿಯುವುದು, ಹೆಚ್ಚುವುದು, ಒಣಗಿಸುವುದು, ಅಷ್ಟೇ. ಹಾಗಾಗಿ ಸರಕು ಹೇಗಿದೆಯೋ ರುಚಿಯೂ ಹಾಗೆ. ಮೊದಲ ವರ್ಷ ಗಾಂಧಿ ಬಜಾರಿನಲ್ಲಿ ಹೆಚ್ಚಿದ ಕೊಬ್ಬರಿ, ಹೆಚ್ಚಿದ ಬೆಲ್ಲ, ಹುರಿಗಡಲೆ ಬೇರೆಬೇರೆಯಾಗಿ ತಂದು, ಎಳ್ಳು ಮತ್ತು ಕಡಲೆಕಾಯಿ ಬೀಜ ಮಾತ್ರ ನಾವೇ ಹುರಿದು ಬೆರೆಸಿದೆವು. ಎರಡು ಗಂಟೆಯ ಕೆಲಸ. ಪೊಟ್ಟಣಕ್ಕಿಂತ ಎಷ್ಟೋ ವಾಸಿ, ಆಗತಾನೇ ಹುರಿದ ಎಳ್ಳಿನ ಘಮವೊಂದೇ ಸಾಕು. ಮರುವರ್ಷ ಎಲ್ಲವನ್ನೂ ಕೈಯಿಂದಲೇ ಮಾಡಿದೆವು.

ಕೊಬ್ಬರಿ ನಮ್ಮೂರಿನದು. ತಿಪಟೂರಿನ ಕಡೆ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಎನ್ನುವುದು ನಗರದ ಅನೇಕರಿಗೆ ಗೊತ್ತಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಕಳಚಿಕೊಳ್ಳುತ್ತದೆ. ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು, ಆಗ ಸುಲಿದು ಒಡೆಯುವುದು. ನಮ್ಮಮ್ಮ ಕಳಿಸಿದ ಕಿಲೋ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಕಡಲೆ ಗಾತ್ರಕ್ಕೆ ಹೆಚ್ಚಲು ನಾಲ್ಕು ಗಂಟೆ ಹಿಡಿಯಿತು, ನನ್ನ ತೋರುಬೆರಳಿನಲ್ಲಿ ಬೊಬ್ಬೆ ಎದ್ದಿತು. "ಕಂದು ಒಂದು ಚೂರೂ ಇರಬಾರದು ಕಣಪ್ಪ, ಮಲ್ಲಿಗೆಯ ಹಾಗೆ ಕಾಣಬೇಕು" ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದರು. ಎರಡು ದಿನ ತಾರಸಿಯ ಬಿಸಿಲಿಗೆ ಹಾಕಿ, ಕಾಗೆ ಕಾಯಲು ಮಗಳನ್ನು ಕೂರಿಸಿದೆವು. ಅಂಗಡಿಯ ಹೆಚ್ಚಿದ ಕೊಬ್ಬರಿಯ ಪಕ್ಕದಲ್ಲಿಟ್ಟು ತಿಂದರೆ ಕಣ್ಣು ಮುಚ್ಚಿಕೊಂಡೂ ಹೇಳಬಹುದು: ಒಂದು ಅಗಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ, ಇನ್ನೊಂದು ಹೊಟ್ಟಿನ ಹಾಗೆ.

ಬೆಲ್ಲದಲ್ಲಿ ಹಾಗಾಗಲಿಲ್ಲ. ಮಂಡ್ಯದ ಅಚ್ಚುಬೆಲ್ಲ ತಂದು ಅಡಕತ್ತರಿಯಲ್ಲಿ ಕತ್ತರಿಸಿದೆ. ಅರ್ಧ ಭಾಗ ಪುಡಿಯಾಯಿತು. ಪುಡಿ ಸಿಹಿ ಪೊಂಗಲಿಗೆ ಹೋಯಿತು, ನಷ್ಟವೇನಿಲ್ಲ, ಆದರೆ ಉಳಿದ ಚೂರುಗಳು ನಾನಾ ಆಕಾರದವು. ರುಚಿಯಲ್ಲಿ ಅಂಗಡಿಯ ಚೂರಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿಲ್ಲ. ಕಡಲೆಕಾಯಿಯದೂ ಇದೇ ಕಥೆ. ಕಾರ್ತಿಕದ ಕಡೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಪರಿಷೆಯಲ್ಲಿ ಸೇರಿನಲ್ಲಿ ಅಳೆಸಿಕೊಂಡು ತಂದು, ಸುಲಿದು, ಹುರಿದು, ಉಜ್ಜಿ, ಮೊರದಲ್ಲಿ ಕೇರಿದೆವು. ಪರಿಷೆಗೆ ಹೋದದ್ದು ಸಂತೋಷ. ಬೀಜವಾಗಿ ತಂದಿದ್ದರೂ ನಾಲಗೆಗೆ ಗೊತ್ತಾಗುತ್ತಿರಲಿಲ್ಲ.

ಇನ್ನು ಸಕ್ಕರೆ ಅಚ್ಚು. ಇದರ ಬಗ್ಗೆ ಬರೆಯಲೆಂದೇ ಇಷ್ಟೆಲ್ಲ ಬರೆದೆನೇನೋ. ಅತ್ತೆಯವರ ಮನೆಯಲ್ಲಿ ಮರದ ಅಚ್ಚಿನ ಮಣೆಗಳಿದ್ದವು: ಗಿಳಿ, ಆನೆ, ತುಳಸಿಕಟ್ಟೆ, ಮಂಟಪ. ಮಣೆಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿಯಬೇಕು. ಸಕ್ಕರೆಗೆ ಅರ್ಧದಷ್ಟು ನೀರು ಹಾಕಿ ಕುದಿಸುವಾಗ ಎರಡು ಚಮಚ ಹಾಲು ಬಿಟ್ಟರೆ ಕಲ್ಮಷವೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಸಣ್ಣ ಪಾತ್ರೆಗೆ ಹಾಕಿ ತಿರುವುತ್ತಾ ಇರಬೇಕು. ಗಾಜಿನಂತಿದ್ದ ಪಾಕದ ಅಂಚು ಹಾಲಿನ ಬಣ್ಣಕ್ಕೆ ತಿರುಗುತ್ತಿದ್ದಂತೆಯೇ ಅಚ್ಚಿಗೆ ಸುರಿಯಬೇಕು.

ನನ್ನ ಮೊದಲ ಸೌಟು ಬೇಗನೆ ಸುರಿದದ್ದು: ಗಿಳಿ ಅಂಟಂಟಾಗಿ ಮಣೆಯಲ್ಲೇ ಉಳಿಯಿತು. ಎರಡನೆಯದು ತಡವಾಯಿತು: ಪಾತ್ರೆಯಲ್ಲೇ ಗಟ್ಟಿಯಾಗಿ ಮತ್ತೆ ಸಕ್ಕರೆಯಾಯಿತು. ಮೂರನೆಯ ಆನೆಗೆ ಸೊಂಡಿಲಿರಲಿಲ್ಲ. ಮುರಿದವಕ್ಕೆ ನೀರು ಹಾಕಿ ಮತ್ತೆ ಕರಗಿಸಬಹುದು, ಆದರೆ ಪ್ರತಿ ಸಲವೂ ಬಿಳುಪು ಒಂದಿಷ್ಟು ಹಳದಿಗೆ ತಿರುಗುತ್ತದೆ. 2 ಕಿಲೋ ಸಕ್ಕರೆಯಲ್ಲಿ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನಿಂತು, ಮರ್ಯಾದೆಯಿಂದ ಕೊಡಬಹುದಾದವು 23 ಸಿಕ್ಕವು. ರುಚಿ? ಸಕ್ಕರೆಯ ರುಚಿ. ಅಂಗಡಿಯದೂ ಸಕ್ಕರೆಯೇ. ಇದನ್ನು ಕೊಂಡು ತರುವುದೇ ಜಾಣತನ ಎಂದು ಬರೆಯಬೇಕು, ಬರೆಯುತ್ತಿದ್ದೇನೆ. ಆದರೆ ಮಣೆ ಬಿಚ್ಚಿದಾಗ ತುಳಸಿಕಟ್ಟೆ ಮೆಟ್ಟಿಲುಗಳ ಸಮೇತ ಅಂಗೈ ಮೇಲೆ ಬೆಚ್ಚಗೆ ಕೂತ ಕ್ಷಣಕ್ಕೆ ನನ್ನ ಮಗಳು ಕೂಗಿದ ಕೂಗು ಪಕ್ಕದ ಮನೆಯವರಿಗೂ ಕೇಳಿಸಿತ್ತು.

ಬಾಳಿಕೆಯಲ್ಲಿ ಕೇಕ್ ಒಂದು ವಾರ, ಎಳ್ಳುಬೆಲ್ಲ ಬಿಗಿ ಡಬ್ಬಿಯಲ್ಲಿ ಒಂದು ತಿಂಗಳು. ಕೊಬ್ಬರಿ, ಬೆಲ್ಲ ಚೆನ್ನಾಗಿ ಒಣಗಿರಬೇಕು, ಹಬ್ಬದ ಹಿಂದಿನ ದಿನವಷ್ಟೇ ಬೆರೆಸಬೇಕು. ಇಲ್ಲದಿದ್ದರೆ ಬೆಲ್ಲ ನೀರೊಡೆದು ಎಲ್ಲ ಅಂಟಿಕೊಳ್ಳುತ್ತದೆ. ಕೇಕಿಗೆ ಇರುವ ಒಂದು ಮೇಲ್ಗೈಯನ್ನೂ ಒಪ್ಪಬೇಕು. ಅದನ್ನು ಕೊಟ್ಟವರು ಯಾರು ಎಂದು ಎಲ್ಲರಿಗೂ ನೆನಪಿರುತ್ತದೆ. ಎಳ್ಳುಬೆಲ್ಲ ಹದಿನೆಂಟು ಮನೆಗೆ ಹೋದರೆ ಹದಿನಾಲ್ಕು ಮನೆಯದು ಬರುತ್ತದೆ, ರಾತ್ರಿಯ ಹೊತ್ತಿಗೆ ಎಲ್ಲರೂ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದುಕೊಂಡಿರುತ್ತಾರೆ. ನನ್ನ ಬೊಬ್ಬೆ ಎದ್ದ ಬೆರಳಿನ ಕೊಬ್ಬರಿ ಯಾರದೋ ಪೊಟ್ಟಣದ ಕೊಬ್ಬರಿಯ ಜೊತೆ ಬೆರೆತು ಹೋಯಿತು. ಎಂಟನೆಯ ಮನೆಯ ಅಜ್ಜಿಯೊಬ್ಬರು ಮಾತ್ರ ಮರುದಿನ ತಡೆದು ನಿಲ್ಲಿಸಿ, "ಕೊಬ್ಬರಿ ಯಾವ ಊರಿನದು?" ಎಂದು ಕೇಳಿದರು.

ಈ ಬಾರಿ ಹೀಗೆ ಮಾಡುತ್ತಿದ್ದೇವೆ: ಕೇಕ್ ಒಂದೇ ಒಂದು, ಕುಕ್ಕರಿನಲ್ಲಿ, ಮನೆಗೆ. ಹೆಚ್ಚಿದ ಬೆಲ್ಲ, ಕಡಲೆಬೀಜ, ಹುರಿಗಡಲೆ ಗಾಂಧಿ ಬಜಾರಿನಿಂದ. ಸಕ್ಕರೆ ಅಚ್ಚು ಕೊಂಡು ತರುವುದು, ಮಗಳಿಗಾಗಿ ನಾಲ್ಕೇ ನಾಲ್ಕು ತುಳಸಿಕಟ್ಟೆ ಮಾತ್ರ ಮನೆಯಲ್ಲಿ. ಕೊಬ್ಬರಿ ಪೂರ್ತಿ ನಮ್ಮದು. ಕಳೆದ ವಾರ ಅಮ್ಮನಿಗೆ ಫೋನ್ ಮಾಡಿ ಅಟ್ಟದ ಕಾಯಿ ಹೇಗಿದೆ ಎಂದು ಕೇಳಿದೆ. "ನೀನೇ ಕೇಳಿಸಿಕೋ" ಎಂದು ಏಣಿ ಹತ್ತಿಸಿ ಒಂದನ್ನು ಇಳಿಸಿಕೊಂಡು, ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಇನ್ನೂ ಸ್ವಲ್ಪ ನೀರು ಕುಲುಕುತ್ತಿತ್ತು.